ಲೈಟ್ ಫಿಶಿಂಗ್: ನಾಡದೋಣಿಯವರ ಪಾಲೆಲ್ಲಿ?

ಸಂಪಾದಕರೇ,

ಸಮುದ್ರ ಬಿಸಿಯಾಗಿದೆ, ಅದಕ್ಕೇ ಮೀನು ಕಡಿಮೆ ಎಂಬ ಸುದ್ದಿ ಆಗಾಗ ಓದುತ್ತೇನೆ. ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಒಮ್ಮೆ ಕಾರವಾರದ ಮೀನು ಮಾರ್ಕೆಟ್ಟಿಗೂ ಬಂದು ನೋಡಿ. ಮೊನ್ನೆ ನಾನು ನೂರು ರೂಪಾಯಿ ಕೊಟ್ಟು ತಂದ ಬಂಗಡೆ ಕಿರುಬೆರಳಿಗಿಂತ ಸ್ವಲ್ಪ ಉದ್ದ ಇತ್ತು, ಅಷ್ಟೇ. ತತ್ತಿ ಇಡುವ ವಯಸ್ಸೇ ಆಗಿರಲಿಲ್ಲ ಅದಕ್ಕೆ. ಬುಟ್ಟಿ ಇಟ್ಟುಕೊಂಡಿದ್ದ ಅಮ್ಮನನ್ನು ಕೇಳಿದರೆ "ದೊಡ್ಡದು ಬಂದ್ರೆ ತಾನೇ ಕೊಡೋದು" ಎಂದರು.

ಹಿಂದೆ ನಮ್ಮಲ್ಲಿ ರಂಪಣಿ ಇತ್ತು, ದಡದಿಂದಲೇ ಎಳೆಯುವ ದೊಡ್ಡ ಬಲೆ. ಬಲೆ ಎಳೆಯಲು ಕೇರಿಗೆ ಕೇರಿಯೇ ಬರುತ್ತಿತ್ತು, ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ, ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದ ಮೇಲೆ ಬಂಗಡೆ, ತಾರ್ಲೆಯ ಹಿಂಡು ದಡದ ಹತ್ತಿರ ಬರುವ ಮೊದಲೇ ಬಲೆಗೆ ಬೀಳತೊಡಗಿತು, ರಂಪಣಿ ಮೂಲೆ ಸೇರಿತು. ಈಗ ಅದರ ಮೇಲೆ ಲೈಟ್ ಫಿಶಿಂಗ್. ಬೋಟಿನಲ್ಲಿ ಜನರೇಟರ್ ಇಟ್ಟು ರಾತ್ರಿ ಎಲ್‌ಇಡಿ ಹಚ್ಚಿದರೆ ದೊಡ್ಡದು, ಮರಿ ಎಲ್ಲವೂ ಬೆಳಕಿಗೆ ಸೇರುತ್ತವೆ, ಒಂದೇ ಸಲ ಬಾಚಿಕೊಳ್ಳಬಹುದು. 2017ರಲ್ಲೇ ಕೇಂದ್ರ ಸರ್ಕಾರ ನಿಷೇಧ ಹಾಕಿದೆ. ಆದರೂ ಕೆಲವು ರಾತ್ರಿ ದಡದಲ್ಲಿ ನಿಂತರೆ ದೂರದಲ್ಲಿ ಯಾವುದೋ ಊರಿನ ಜಾತ್ರೆ ನಡೆದಂತೆ ಕಾಣುತ್ತದೆ!

ಇದನ್ನು ಬರೀ ಪರಿಸರದ ಸುದ್ದಿ ಮಾಡಬೇಡಿ. ಹತ್ತಿರದ ಮೀನು ಖಾಲಿಯಾದರೆ ದೂರ ಹೋಗಬೇಕು. ಅದಕ್ಕೆ ಡೀಸೆಲ್, ಐಸ್, ದೊಡ್ಡ ಎಂಜಿನ್ ಬೇಕು. ದುಡ್ಡಿದ್ದವರು ಹೋಗುತ್ತಾರೆ, ಇನ್ನಷ್ಟು ಹಿಡಿಯುತ್ತಾರೆ, ಇನ್ನೂ ದೊಡ್ಡ ಬೋಟು ಮಾಡಿಸುತ್ತಾರೆ. ನನ್ನ ಭಾವನದ್ದು ನಾಡದೋಣಿ. ನಾಲ್ಕು ದಿನ ಹೋದರೆ ಎರಡು ದಿನ ಎಣ್ಣೆ ಖರ್ಚೂ ಹುಟ್ಟುವುದಿಲ್ಲ. ಕೊನೆಗೆ ಅವನೂ ಸಾಲ ಮಾಡಿ ಸಣ್ಣ ಕಣ್ಣಿನ ಬಲೆ ತಂದ, ಮರಿಯನ್ನೂ ಬಿಡದ ಬಲೆ. ತಪ್ಪು ಅಂತ ಅವನಿಗೆ ಗೊತ್ತಿಲ್ಲವೇ? ನಾನು ಬಾಯಿಬಿಟ್ಟು ಹೇಳಿದ್ದಕ್ಕೆ "ಈ ತಿಂಗಳ ಕಂತು ನೀನು ಕಟ್ಟು ಭಾವಾ, ನಾಳೆಯೇ ಆ ಬಲೆ ಬಿಡ್ತೇನೆ" ಎಂದ. ನಾನು ಸುಮ್ನೆ ಚಹಾ ಕುಡಿದು ಎದ್ದು ಬಂದೆ.

ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮರಿ ಬೆಳೆಯಲಿ ಅಂತಲೇ ಮಾಡಿದ ನಿಯಮ, ಒಳ್ಳೆಯದೇ. ಆದರೆ ಉಳಿದ ಹತ್ತು ತಿಂಗಳು ಮರಿಯನ್ನೇ ಬಾಚಿದರೆ ಆ ರಜೆಗೆ ಏನರ್ಥ? ಆ ಎರಡು ತಿಂಗಳು ಮನೆಯಲ್ಲಿ ಕೂರುವ ಬೋಟಿನ ಕಲಾಸಿಗೆ ಸಂಬಳವೂ ಇಲ್ಲ, ಅದು ಬೇರೆ ಮಾತು.

ಕತ್ತಲಲ್ಲಿ, ಅಷ್ಟು ದೂರದಲ್ಲಿ ಲೈಟ್ ಫಿಶಿಂಗ್ ಬೋಟು ಹಿಡಿಯುವುದು ಕಷ್ಟ ಎಂದು ಅಧಿಕಾರಿಗಳು ಪ್ರತಿ ಸಲ ಹೇಳುತ್ತಾರೆ. ಅಲ್ಲಾ ಸ್ವಾಮಿ, ಆ ಜನರೇಟರ್ ಹೊರಡುವುದು ಬಂದರಿನಿಂದಲೇ ಅಲ್ವಾ? ಹಗಲು ಹೊತ್ತಿನಲ್ಲಿ ಅಲ್ಲೇ ಬಂದು ನೋಡಿ.

– ಒಬ್ಬ ಓದುಗ, ಕಾರವಾರ