ಡಿಕ್ರಿ ಬಂತು, ಕೈ ಹಚ್ಚಿದ ಎಲ್ಲರಿಗೂ ಶರಣು

ಜರ್ಮನಿಯಲ್ಲಿ ಕೂತು ಸಂಸಾರದ ಕಡೆ ತಿರುಗಿಯೂ ನೋಡದ ಗಂಡನಿಂದ ನಮ್ಮ ಮನೆ ಮಗಳಿಗೆ ಹುಬ್ಬಳ್ಳಿ ಕೋರ್ಟಿನಲ್ಲಿ ವಿಚ್ಛೇದನ ಸಿಕ್ಕಿದೆ. ಅಪೀಲಿನ 90 ದಿನವೂ ಕಳೆದವು. ಆತ ಒಂದು ತಾರೀಖಿಗೂ ಹಾಜರಾಗಲಿಲ್ಲ. ಆದರೂ ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಗಟ್ಟಿ ನಿಂತಿದ್ದು ಸಮನ್ಸ್ (ಹಾಜರಾಗಲು ಕೋರ್ಟು ಕಳಿಸುವ ಕರೆ) ಕಾನೂನಿನ ದಾರಿಯಲ್ಲೇ ಹೋಗಿದ್ದರಿಂದ. ಆ ದಾರಿ ಹಿಡಿಸಿದವರಿಗೆ ಮೊದಲ ಶರಣು.

ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಟ್ಟ ವಕೀಲರು, ನಾವೆಲ್ಲ ಅಕ್ಕಾರು ಅನ್ನೋರು, ಒಂದು ಪೈಸೆ ಫೀ ತಗೊಳ್ಳಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡದೇ ಈ ನೆರವು ಸಿಗುತ್ತದೆ. ಮದುವೆ ಬೇರೆ ಊರಲ್ಲಿ ಆಗಿದ್ದರೂ ಹೆಂಡತಿ ಈಗ ವಾಸವಿರುವ ಊರಲ್ಲೇ ಕೇಸು ಹಾಕಬಹುದು ಅಂತ ತಿಳಿಸಿಕೊಟ್ಟವರೂ ಅವರೇ. “ಸಮನ್ಸ್ ವಾಟ್ಸ್ಯಾಪಿನ್ಯಾಗ ಕಳಿಸಿ ಮುಗಿಸೋಣು” ಅಂದವರ ಮಾತನ್ನು ಅವರು ಒಪ್ಪಲಿಲ್ಲ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಆತ ಮುಂದೆ ಯಾವಾಗಲೋ ಬಂದು ಏಕಪಕ್ಷೀಯ (ಆತನಿಲ್ಲದೆ ಆದ) ಡಿಕ್ರಿ ರದ್ದು ಮಾಡಿಸಬಹುದು. ಮಗಳು ಮರುಮದುವೆ ಆಗಿದ್ದರೆ ಆಗ ಎಂಥ ಸಂಕಟ!

ಭಾರತ, ಜರ್ಮನಿ ಎರಡೂ ಕೋರ್ಟಿನ ಕಾಗದ ಹೊರದೇಶದಲ್ಲಿ ಮುಟ್ಟಿಸುವ ಬಗೆಗಿನ 1965ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು. ಹಾಗಾಗಿ ಕೋರ್ಟಿನಿಂದ ಹೊರಟ ಕಾಗದ ಅಲ್ಲಿಯ ಕೇಂದ್ರ ಪ್ರಾಧಿಕಾರದ (ಇಂಥ ಕಾಗದ ಮುಟ್ಟಿಸಲು ಆ ದೇಶ ನೇಮಿಸಿದ ಕಚೇರಿ) ಮೂಲಕವೇ ಆತನಿಗೆ ಮುಟ್ಟಬೇಕು. ನಾವೇ ನೇರ ಅಂಚೆಯಲ್ಲಿ ಕಳಿಸುವುದನ್ನು ಜರ್ಮನಿ ಒಪ್ಪುವುದಿಲ್ಲ. ವಿನಂತಿ ನಮೂನೆ, ಸಮನ್ಸ್, ಅರ್ಜಿ, ಲಗತ್ತು ಎಲ್ಲವೂ ಎರಡೆರಡು ಪ್ರತಿ ಬೇಕು, ಜರ್ಮನ್ ಅನುವಾದವೂ ಜೊತೆಗಿರಬೇಕು. ಮದುವೆ ಕಾರ್ಡಿನ ಮೇಲಿನ ಸಾಲನ್ನೂ ಬಿಡದೆ ಅನುವಾದಿಸಿಕೊಟ್ಟ ಪುಣೆಯ ಅನುವಾದಕರಿಗೆ ನಮಸ್ಕಾರ. ವಿಚಾರಣೆಯ ತಾರೀಖು ಹತ್ತಿರದಲ್ಲಿದ್ದರೆ ಕಾಗದ ಮುಟ್ಟುವಷ್ಟರಲ್ಲಿ ದಿನ ದಾಟಿರುತ್ತದೆ. ಅದನ್ನು ನ್ಯಾಯಾಧೀಶರ ಗಮನಕ್ಕೆ ತಂದು ದೂರದ ತಾರೀಖು ಬರೆಸಿಕೊಟ್ಟ ಬೆಂಚ್ ಕ್ಲರ್ಕ್ ಸಾಹೇಬರ ಉಪಕಾರ ದೊಡ್ಡದು.

ವಿಳಾಸ ಖಾತ್ರಿ ಮಾಡಿಕೊಟ್ಟ ಅಲ್ಲಿಯ ಕನ್ನಡದ ತಮ್ಮನಿಗೆ ಏನು ಹೇಳಿದರೂ ಕಡಿಮೆ. ಜರ್ಮನಿಯ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ನೋಡಿ ಅಂಚೆ ಹಾಕುವುದಿಲ್ಲ, ಅಂಚೆಪೆಟ್ಟಿಗೆ ಮೇಲಿನ ಹೆಸರು ನೋಡಿ ಹಾಕುತ್ತಾರೆ. ನಮ್ಮ ಕಾಗದದಲ್ಲಿ ತಂದೆಯ ಹೆಸರು ಮೊದಲು, ಅಡ್ಡಹೆಸರು ಕೊನೆಗೆ ಇತ್ತು. ಪೆಟ್ಟಿಗೆ ಮೇಲೆ ಇದ್ದದ್ದು ಅಡ್ಡಹೆಸರೊಂದೇ. ತಮ್ಮ ಅದನ್ನು ಓದಿಕೊಂಡು ಬಂದು, ಮನೆ ನಂಬರು ಮತ್ತು ಐದಂಕಿಯ ಪಿನ್ ಸಮೇತ ಅಕ್ಷರ ಅಕ್ಷರ ಬಿಡಿಸಿ ಬರೆದು ಕಳಿಸಿದ. ಇಲ್ಲದಿದ್ದರೆ ಲಕೋಟೆ ಹೊಳ್ಳಿ ಬಂದುಬಿಡುತ್ತಿತ್ತು.

ಆತ ಬರಲಿಲ್ಲ ಅಂದ ಮಾತ್ರಕ್ಕೆ ಡಿಕ್ರಿ ತಾನಾಗಿ ಸಿಗುವುದಿಲ್ಲ. ಪರಿತ್ಯಾಗ ಅಂತ ಸಾಬೀತು ಮಾಡಲು ಅರ್ಜಿ ಹಾಕುವ ಮುಂಚೆ ಕನಿಷ್ಠ 2 ವರ್ಷ ಸತತ ಬಿಟ್ಟಿರಬೇಕು. ಇಲ್ಲಿ ಬಹಳ ಮಂದಿ ಲೆಕ್ಕ ತಪ್ಪುತ್ತಾರೆ. ಇಬ್ಬರೂ ಒಪ್ಪಿ ನೌಕರಿಗಾಗಿ ವಿಮಾನ ಹತ್ತಿದ ದಿನದಿಂದ ಎಣಿಸಿದರೆ ನಡೆಯದು. ಬಿಡುವ ಉದ್ದೇಶ ಯಾವಾಗ ಗೊತ್ತಾಯಿತೋ ಅಲ್ಲಿಂದ ಎಣಿಸಬೇಕು. ಹೆಂಡತಿಯ ವೀಸಾ ಕಾಗದ ಕಳಿಸುವುದು ನಿಲ್ಲಿಸಿದ್ದು, ನಂಬರ್ ಬ್ಲಾಕ್ ಮಾಡಿದ್ದು, ವಕೀಲರ ನೋಟಿಸಿಗೆ ಉತ್ತರ ಕೊಡದಿದ್ದು ಇವೇ ಆ ದಿನಕ್ಕೆ ಸಾಕ್ಷಿ. ಚಾಟಿನ ಸ್ಕ್ರೀನ್‌ಶಾಟ್ ಬರೀ ಪ್ರಿಂಟ್ ಹಾಕಿಸಿದರೆ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಹ್ಯಾಶ್ ಮೌಲ್ಯದೊಂದಿಗೆ (ಕಡತ ಬದಲಾಗಿಲ್ಲ ಅಂತ ತೋರಿಸುವ ಸಂಕೇತ), ಬೇಕೇಬೇಕು. ಹಳೇ ಫೋನನ್ನು ಮಾರದೆ, ಫಾರ್ಮ್ಯಾಟ್ ಮಾಡದೆ ಇಟ್ಟುಕೊಳ್ಳಲು ಹೇಳಿ ಆ ಪ್ರಮಾಣಪತ್ರ ಮಾಡಿಕೊಟ್ಟ ಹುಡುಗನಿಗೂ ಶರಣು.

ಹಳೇಹುಬ್ಬಳ್ಳಿಯ ಮಾವಶಿ ಸಾಕ್ಷಿ ಹೇಳಲು ಕೋರ್ಟಿಗೆ ಬಂದರು. “ನಾ ಕಂಡಿದ್ದಷ್ಟ ಹೇಳತೇನಿ” ಅಂದರು, ಹಾಗೇ ಹೇಳಿದರು. ಕೇಳಿದ ಮಾತು ಸೇರಿಸದ ಅಂಥ ಸಾಕ್ಷಿಗೆ ಬೆಲೆ ಬೇರೆ.

“ಅವನೇ ಅಲ್ಲಿ ಡೈವೋರ್ಸ್ ತಗೋತಾನ, ಕಾಯ್ರಿ” ಅಂದವರೂ ನಮ್ಮ ಒಳ್ಳೆಯದಕ್ಕೇ ಅಂದಿದ್ದರು. ಆದರೆ ನಮ್ಮ ಮದುವೆ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಹೆಂಡತಿ ಒಪ್ಪಿ ಹಾಜರಾಗದೇ, ಹೊರದೇಶದ ಕೋರ್ಟು ಕೊಟ್ಟ ವಿಚ್ಛೇದನ ಇಲ್ಲಿ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ.

ಡಿಕ್ರಿಯ ದೃಢೀಕೃತ ಪ್ರತಿ ಒಂದಕ್ಕಿಂತ ಹೆಚ್ಚು ತೆಗೆಸಿಡಿರಿ ಅಂತ ನಕಲು ವಿಭಾಗದವರು ತಾವಾಗಿಯೇ ತಿಳಿಸಿದರು. ಪಾಸ್‌ಪೋರ್ಟಿನಿಂದ ಗಂಡನ ಹೆಸರು ತೆಗೆಸುವಾಗ ಅದು ಕೆಲಸಕ್ಕೆ ಬಂತು. ಇಂಥದೇ ಕೇಸಿನಲ್ಲಿರುವ ಅಕ್ಕ-ತಂಗ್ಯಾರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿರಿ. ನಾವು ತುಂಬಿದ ಹೇಗ್ ನಮೂನೆಯ ಪ್ರತಿ ಹೆಸರು ಅಳಿಸಿ ಇಟ್ಟಿದ್ದೇವೆ, ಬೇಕಾದವರು ಸಂಕೋಚ ಮಾಡದೆ ಕೇಳಿರಿ.