ಓದೋಕೆ ತಡವರಿಸೋ ಮಕ್ಕಳ ಅಪ್ಪ ಅಮ್ಮಂದಿರಿಗೆ

ಎಲ್ರಿಗೂ ನಮಸ್ಕಾರ, ನಿನ್ನೆ ಒಬ್ರು ಕೇಳಿದ್ರಲ್ಲ, ಮಗ ಮೂರನೇ ಕ್ಲಾಸು, ಅಕ್ಷರ ಎಲ್ಲಾ ಬರುತ್ತೆ ಆದ್ರೆ ಒಂದು ಸಾಲು ಓದೋಕೆ ಒದ್ದಾಡ್ತಾನೆ ಅಂತ, ಅದಕ್ಕೇ ಬರೀತಿದೀನಿ. ನನ್ನ ಮಗಳೂ ಹಂಗೇ ಇದ್ಳು, ಬೆಕ್ಕು ಅಂತ ಇದ್ರೆ "ಬೆ... ಕು... ಕ" ಅಂತ ಓದೋಳು. ಯಾಕಂದ್ರೆ ಕೊಂಬು ಇರೋದು ಮೇಲಿನ ಅಕ್ಷರಕ್ಕೆ, ಆದ್ರೆ ಅದರ ಉಚ್ಚಾರ ಬರೋದು ಕೆಳಗಿನ ಒತ್ತು ಆದ್ಮೇಲೆ, ಕಣ್ಣು ಓಡೋ ಕ್ರಮಕ್ಕೂ ಬಾಯಿಗೂ ತಾಳೆ ಆಗಲ್ಲ. ಇದು ಸೋಮಾರಿತನ ಅಲ್ಲ, ದಯವಿಟ್ಟು ಬೈಬೇಡಿ.

ನಮಗೆ ಕೆಲಸ ಮಾಡಿದ್ದು ಒಂದೇ, ದಿನಾ 10-15 ನಿಮಿಷ, ಅದೇ ಸಣ್ಣ ಪ್ಯಾರಾ ಮೂರು ನಾಲ್ಕು ಸಲ. ಮೊದ್ಲು ನಾನು ಸಾಲಿನ ಕೆಳಗೆ ಬೆರಳಿಟ್ಟು ಓದ್ತಿದ್ದೆ, ಆಮೇಲೆ ಇಬ್ರೂ ಒಟ್ಟಿಗೆ, ಕೊನೇಗೆ ಅವಳೊಬ್ಳೇ. ತಪ್ಪಿದ್ರೆ ಐದು ಸೆಕೆಂಡು ಕಾದು ಪದ ಹೇಳ್ಕೊಟ್ಟು ಮುಂದೆ ಹೋಗೋದು ಅಷ್ಟೇ, ಇಲ್ಲಾಂದ್ರೆ ಕಥೆಯ ಎಳೆ ತಪ್ಪೋಗುತ್ತೆ. ಸ್ಟಾಪ್‌ವಾಚ್ ಹಿಡ್ಕೊಂಡು ಕೂರ್ಬೇಡಿ, ಮಕ್ಕಳು ಹೆದರ್ತಾರೆ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಕನ್ನಡ ಕಥೆಗಳು ಫ್ರೀ ಇವೆ, ಲೆವೆಲ್ 1ರಿಂದಾನೇ ಶುರು ಮಾಡಿ, ಕ್ಲಾಸ್ ಯಾವ್ದಾದ್ರೂ ಪರ್ವಾಗಿಲ್ಲ. ಕೆಲವು ತಿಂಗಳಾದ್ರೂ ಹಂಗೇ ಇದ್ರೆ ಡಿಸ್ಲೆಕ್ಸಿಯಾ (ಓದೋದು ಬರೆಯೋದು ಕಷ್ಟ ಆಗೋ ಕಲಿಕೆ ತೊಂದರೆ) ಇದ್ಯಾ ಅಂತ ಒಂದ್ಸಲ ತೋರಿಸಿ, ಕಣ್ಣು ಕಿವಿ ಟೆಸ್ಟೂ ಮಾಡಿಸ್ಬಿಡಿ.