ಹಿಮಗಾಳಿಗೆ ಹೆದರಿ ಹಿಂದಿರುಗಿದವರ ಹಣ ಮುಟ್ಟುಗೋಲು: ನಾರ್ವೆ ಸ್ಕೀ ಪ್ರವಾಸದ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು

ವಿಷಯ: ಈಸ್ಟರ್ ರಜೆಯ ಫಿನ್ಸೆ–ಕ್ರೆಕ್ಯಾ–ಹೌಗಾಸ್ಟೋಲ್ ಸ್ಕೀ ಪ್ರವಾಸದಲ್ಲಿ ಸೇವಾ ನ್ಯೂನತೆ, ಹಣ ವಾಪಸಾತಿ ಹಾಗೂ ನಿಮ್ಮ 14ನೇ ಷರತ್ತನ್ನು ಕೈಬಿಡುವ ಬಗ್ಗೆ

ಮಾನ್ಯರೇ,

ಹಣ ವಾಪಸು ಕೇಳಿ ನಾವು ಬರೆದ ಇಮೇಲ್‌ಗೆ ನಿಮ್ಮ ಕಚೇರಿಯಿಂದ ಬಂದ ಉತ್ತರ ಒಂದೇ ವಾಕ್ಯದ್ದು. ‘ಪ್ರವಾಸಿಗರು ಸ್ವಇಚ್ಛೆಯಿಂದ ಕಾರ್ಯಕ್ರಮವನ್ನು ಅರ್ಧಕ್ಕೆ ಕೈಬಿಟ್ಟಿರುವುದರಿಂದ 14ನೇ ಷರತ್ತಿನ ಪ್ರಕಾರ ಯಾವ ಮೊತ್ತವನ್ನೂ ಮರಳಿಸಲಾಗದು.’ ಇದನ್ನು ನಾವು ಆರೂ ಮಂದಿ ಒಪ್ಪುವುದಿಲ್ಲ. ನಾವು ಹಿಂದಿರುಗಿದ್ದು ಬೇಸರವಾಗಿ ಅಲ್ಲ, ದಣಿವಾಗಿಯೂ ಅಲ್ಲ. ಮುಂದೆ ಹೋಗಿದ್ದರೆ ನಮ್ಮಲ್ಲಿ ಯಾರಾದರೊಬ್ಬರು ಹಿಮದಲ್ಲೇ ಉಳಿಯುವ ಸಾಧ್ಯತೆ ಇತ್ತು. ಆ ಸ್ಥಿತಿಗೆ ನಮ್ಮನ್ನು ತಂದು ನಿಲ್ಲಿಸಿದ್ದು ನಿಮ್ಮ ಸಂಸ್ಥೆಯ ಏರ್ಪಾಡು.

ನಾನು ಕೆಲಸದ ಮೇಲೆ ಕೆಲವು ವರ್ಷ ಓಸ್ಲೋದಲ್ಲಿದ್ದವಳು. ಊರಿಗೆ ತಾಗಿಕೊಂಡೇ ಇರುವ ನೂರ್‌ಮಾರ್ಕಾ ಕಾಡಿನಲ್ಲಿ ಸ್ಕೀ ಕಲಿತೆ. ಮೈಸೂರಿನ ಕಾಲೇಜು ದಿನಗಳ ಗೆಳೆಯರಿಗೆ ಆ ದೇಶದ ಈಸ್ಟರ್ ತೋರಿಸಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. ಪವಿತ್ರ ಗುರುವಾರದಿಂದ ಈಸ್ಟರ್ ಸೋಮವಾರದವರೆಗೆ ಅಲ್ಲಿ ರಜೆ. ಜನ ಬೆನ್ನುಚೀಲಕ್ಕೆ ಕಿತ್ತಳೆ, ಚಾಕೊಲೇಟ್, ಕಾಫಿ ಫ್ಲಾಸ್ಕ್ ತುಂಬಿಕೊಂಡು ಬೆಟ್ಟ ಹತ್ತುತ್ತಾರೆ. ಹಗಲು ಉದ್ದವಾಗಿರುತ್ತದೆ, ಹಿಮ ಇನ್ನೂ ಕರಗಿರುವುದಿಲ್ಲ. ನಮ್ಮ ಗುಂಪಿನ ಇಬ್ಬರು ಉತ್ತರಾಖಂಡದ ಔಲಿಯಲ್ಲಿ ಆರಂಭಿಕ ತರಬೇತಿ ಮುಗಿಸಿದ್ದರು, ಉಳಿದ ಮೂವರಿಗೆ ಸ್ಕೀ ತೀರಾ ಹೊಸದು. ಇದಿಷ್ಟನ್ನೂ ನಿಮ್ಮ ಅರ್ಜಿಯಲ್ಲಿ ಬರೆದುಕೊಟ್ಟಿದ್ದೇವೆ, ಅದರ ಪ್ರತಿ ಲಗತ್ತಿಸಿದೆ. ಹೀಗಿದ್ದೂ ನಿಮ್ಮವರು ಮಾರ್ಗದರ್ಶಿಗೆ ಕಳಿಸಿದ ಪಟ್ಟಿಯಲ್ಲಿ ನಮ್ಮ ಆರೂ ಹೆಸರುಗಳ ಮುಂದೆ ‘ಅನುಭವಿ’ ಎಂದಿತ್ತು. ಔಲಿಯಲ್ಲಿ ಕೇಬಲ್‌ನಲ್ಲಿ ಮೇಲೇರಿ ಹದಮಾಡಿದ ಇಳಿಜಾರಿನಲ್ಲಿ ಜಾರುವುದೇ ಬೇರೆ, ಬೆನ್ನಿಗೆ ಹೊರೆ ಹಾಕಿಕೊಂಡು ಬಯಲಿನಲ್ಲಿ ದಿನವಿಡೀ ನಡೆಯುವ ಸ್ಕೀಯೇ ಬೇರೆ. ಪ್ರವಾಸ ಮಾರುವವರಿಗೆ ಇಷ್ಟು ತಿಳಿದಿರಬೇಕು.

ಫಿನ್ಸೆ ಹೇಗಿದೆ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ನೋಡಿದ್ದೀರಾ? ಸಮುದ್ರಮಟ್ಟದಿಂದ 1222 ಮೀಟರ್ ಎತ್ತರದ ಆ ನಿಲ್ದಾಣ ಓಸ್ಲೋ–ಬರ್ಗನ್ ರೈಲುಮಾರ್ಗದಲ್ಲೇ ಅತಿ ಎತ್ತರದ್ದು. 1909ರಲ್ಲಿ ಪೂರ್ತಿ ತೆರೆದ ಆ ಹಳಿಯೇ ಊರಿನ ಜೀವನಾಡಿ. ಸಾರ್ವಜನಿಕ ರಸ್ತೆ ಇಲ್ಲ. ಮರ ಎಂಬುದಿಲ್ಲ. ರೈಲಿನಿಂದ ಇಳಿದ ಕ್ಷಣ ಕಣ್ಣಿಗೆ ಬೀಳುವುದು ಹೆಪ್ಪುಗಟ್ಟಿದ ಕೆರೆ, ಅದರಾಚೆ ಹಾರ್ಡಂಗರ್‌ಯೋಕುಲನ್ ಹಿಮನದಿ. ಧ್ರುವಯಾತ್ರಿ ಶ್ಯಾಕಲ್ಟನ್ 1914ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಡುವ ಮುನ್ನ ತಮ್ಮ ಸಲಕರಣೆ ಪರೀಕ್ಷಿಸಲು ಆರಿಸಿಕೊಂಡದ್ದು ಇದೇ ಜಾಗ. ಅಂಥಲ್ಲಿಗೆ ನೀವು ನಮ್ಮನ್ನು ಪರೀಕ್ಷಿಸದ ಸಲಕರಣೆಯೊಂದಿಗೆ ಕಳಿಸಿದಿರಿ.

ಮೊದಲ ದಿನದ ಬಗ್ಗೆಯೂ ಬರೆಯಬೇಕು, ಏಕೆಂದರೆ ಅದು ನಾವು ಬಯಸಿದ ದಿನವೇ ಆಗಿತ್ತು. ನೀಲಿ ಆಕಾಶ, ಗಾಳಿಯಿಲ್ಲ. ಕೆರೆಯ ಮೇಲೆ ಮಕ್ಕಳು, ಅಜ್ಜಂದಿರು, ನಾಯಿಗಳು, ಗಾಳಿಪಟ ಹಿಡಿದು ಸ್ಕೀ ಓಡಿಸುವ ಹುಡುಗರು. ಶಿವಮೊಗ್ಗದ ನನ್ನ ಗೆಳತಿ ಮಧ್ಯಾಹ್ನದ ಹೊತ್ತಿಗೆ ಬೀಳದೆ ಜಾರಲು ಕಲಿತು, ಹಿಮದ ಗೋಡೆಗೆ ಒರಗಿ ಬಿಸಿಲಿಗೆ ಮುಖವೊಡ್ಡಿ ಕೂತಿದ್ದಳು. ಅವಳನ್ನು ಅಷ್ಟು ಸಂತೋಷದಲ್ಲಿ ನಾನು ಬಹಳ ದಿನದಿಂದ ನೋಡಿರಲಿಲ್ಲ. ಅಂದು ನಿಮ್ಮ ಸಂಸ್ಥೆಯನ್ನು ಹೊಗಳಿ ಊರಿಗೆ ಸಂದೇಶ ಕಳಿಸಿದವರೂ ನಮ್ಮಲ್ಲಿದ್ದಾರೆ.

ಆದರೆ ಸ್ಕೀಗಳ ವಿಷಯ ಅಂದೇ ತಿಳಿದುಹೋಯಿತು. ನಿಮ್ಮ ಕರಪತ್ರದಲ್ಲಿ ‘ಪರ್ವತ ಸ್ಕೀ’ ಎಂದಿದೆ. ನಮಗೆ ಸಿಕ್ಕಿದ್ದು ಯಂತ್ರದಿಂದ ಕೊರೆದ ಹಾದಿಗಳಲ್ಲಿ ಓಡಿಸುವ, ಕಿರಿದಾದ, ಉಕ್ಕಿನ ಅಂಚಿಲ್ಲದ ಸ್ಕೀಗಳು. ವಸಂತದ ಹಿಮ ಹಗಲು ಕರಗಿ ರಾತ್ರಿ ಮತ್ತೆ ಗಡ್ಡೆ ಕಟ್ಟುತ್ತದೆ. ಬೆಳಗ್ಗೆ ಅದರ ಮೇಲ್ಪದರ ಗಾಜಿನಷ್ಟು ನುಣುಪು. ಉಕ್ಕಿನ ಅಂಚಿದ್ದರೆ ಅದು ಆ ಪದರವನ್ನು ಕಚ್ಚಿ ಹಿಡಿಯುತ್ತದೆ, ಇಲ್ಲದಿದ್ದರೆ ಇಳಿಜಾರಿನಲ್ಲಿ ಅಡ್ಡಕ್ಕೆ ಜಾರುತ್ತಾ ಹೋಗುವುದೇ. ಏರು ಹತ್ತಲು ಸ್ಕೀಯ ಅಡಿಗೆ ಅಂಟಿಸುವ ಸ್ಕಿನ್‌ಗಳು ಬೇಕು, ಅಥವಾ ಒದ್ದೆಯಾಗಿ ಮತ್ತೆ ಹೆಪ್ಪುಗಟ್ಟಿದ ಹಿಮಕ್ಕೆ ಹಚ್ಚುವ ಕ್ಲಿಸ್ಟರ್ ಎಂಬ ಅಂಟು ಮೇಣ ಬೇಕು. ಸ್ಕಿನ್ ಇರಲಿಲ್ಲ, ಕ್ಲಿಸ್ಟರ್ ಇರಲಿಲ್ಲ. ಒಬ್ಬ ಗೆಳೆಯನ ಬೂಟು ಅಳತೆ ತಪ್ಪಿ, ಸಂಜೆಗೆ ಹಿಮ್ಮಡಿ ಸುಲಿದಿತ್ತು.

ಇನ್ನು ‘ಅನುಭವಿ ಪರ್ವತ ಮಾರ್ಗದರ್ಶಿ’. ಬಂದವನು ಓಸ್ಲೋದಲ್ಲಿ ಓದುತ್ತಿರುವ ಒಬ್ಬ ಹುಡುಗ. ಫಿನ್ಸೆಗೆ ಬಂದದ್ದು ಅದೇ ಮೊದಲು ಎಂದು ಅವನೇ ಹೇಳಿದ. ಒಳ್ಳೆಯ ಹುಡುಗ, ಅವನ ಮೇಲೆ ನಮಗೆ ಯಾವ ದೂರೂ ಇಲ್ಲ, ಈ ಪತ್ರದ ನೆಪದಲ್ಲಿ ಅವನ ಸಂಬಳ ತಡೆಯಬೇಡಿ. ಆದರೆ ಅವನ ಬಳಿ ಕಾಗದದ ನಕ್ಷೆ ಇರಲಿಲ್ಲ, ದಿಕ್ಸೂಚಿ ಇರಲಿಲ್ಲ, ಹಿಮ ತೋಡುವ ಸಲಿಕೆ ಇರಲಿಲ್ಲ. ಗಾಳಿ ಎದ್ದಾಗ ನಾಲ್ಕಾರು ಜನ ಒಳಗೆ ಕೂತು ಮೈ ಬೆಚ್ಚಗಿಟ್ಟುಕೊಳ್ಳುವ ವಿಂಡ್‌ಸೆಕ್ ಎಂಬ ಚೀಲವೂ ಇರಲಿಲ್ಲ. ನಾರ್ವೆಯಲ್ಲಿ ಚಳಿಗಾಲದ ಗುಂಪು ಮುನ್ನಡೆಸುವವರಿಗಾಗಿಯೇ ತರಬೇತಿ ಇದೆ. 1868ರಲ್ಲಿ ಹುಟ್ಟಿದ ಅಲ್ಲಿನ ಪ್ರವಾಸಿ ಸಂಘ ಡಿಎನ್‌ಟಿಯೇ ಅದನ್ನು ನಡೆಸುತ್ತದೆ. ಅಂಥವರೊಬ್ಬರನ್ನು ಗೊತ್ತುಮಾಡುವುದು ನಿಮಗೆ ಕಷ್ಟವೇನೂ ಆಗುತ್ತಿರಲಿಲ್ಲ.

ಎರಡನೆಯ ದಿನ ನಾವು ಹಿಮನದಿಯನ್ನು ಬಲಕ್ಕಿಟ್ಟುಕೊಂಡು ಕ್ರೆಕ್ಯಾ ಎಂಬ ಬೆಟ್ಟದ ವಸತಿಗೃಹ ತಲುಪಬೇಕಿತ್ತು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚಿನ ಬಯಲು ದಾರಿ. ಹಿಂದಿನ ಸಂಜೆಯೇ ನಾರ್ವೆಯ ಹವಾಮಾನ ಸಂಸ್ಥೆಯ ಮುನ್ಸೂಚನೆ ಸ್ಪಷ್ಟವಾಗಿತ್ತು: ಮಧ್ಯಾಹ್ನದಿಂದ ಪಶ್ಚಿಮದ ಬಿರುಗಾಳಿ, ಜೊತೆಗೆ ಹಿಮಪಾತ. ನಾವಿದ್ದ ವಸತಿಗೃಹದ ಮೇಲ್ವಿಚಾರಕಿ, ಗಟ್ಟಿಗರ ಗುಂಪು ನಸುಕಿಗೇ ಹೊರಟರೆ ತಲುಪಬಹುದು, ಹೊಸಬರು ಒಂದು ದಿನ ಕಾಯಲಿ ಎಂದರು. ನಾನು ಕೂಡಲೇ ನಿಮ್ಮ ‘24 ಗಂಟೆಯ ಸಹಾಯವಾಣಿ’ಗೆ ಫೋನ್ ಮಾಡಿ ಒಂದು ದಿನ ಮುಂದೂಡಿ ಎಂದು ಕೇಳಿದೆ. ಬಂದ ಉತ್ತರ: ರೂಮ್ ಬುಕ್ ಆಗಿದೆ, ಹೋಗದಿದ್ದರೆ ನೋ-ಶೋ, ದುಡ್ಡು ಹೋಗುತ್ತದೆ. ಹಾಗಾದರೆ ನಸುಕಿಗಾದರೂ ಹೊರಡುತ್ತೇವೆ ಎಂದೆ. ಅದಕ್ಕೂ ಒಪ್ಪಲಿಲ್ಲ. ದೊಡ್ಡ ಬ್ಯಾಗುಗಳನ್ನು ನಮ್ಮ ದಾರಿಯ ಕೊನೆಯ ನಿಲ್ದಾಣವಾದ ಹೌಗಾಸ್ಟೋಲ್‌ಗೆ ಹೋಗುವ ರೈಲಿಗೆ ಹಾಕುವವರೆಗೆ ಮಾರ್ಗದರ್ಶಿ ಕದಲುವಂತಿಲ್ಲ ಎಂಬುದು ನಿಮ್ಮ ಆದೇಶ. ಉಳಿದ ಗುಂಪುಗಳೆಲ್ಲ ಹೋಗಿ ಬಹಳ ಹೊತ್ತಾದ ಮೇಲೆ ನಾವು ಹೊರಟೆವು. ವಾಟ್ಸ್‌ಆ್ಯಪ್ ಸಂದೇಶಗಳೆಲ್ಲ ನನ್ನ ಬಳಿ ಇವೆ.

ಗಾಳಿ ಶುರುವಾದದ್ದು ನೆಲಮಟ್ಟದಲ್ಲಿ. ಮೊದಲು ಪಾದದ ಸುತ್ತ ಹಿಮದ ಪುಡಿ ಹರಿದಾಡಿತು, ಆಮೇಲೆ ಮೊಣಕಾಲಿನವರೆಗೆ, ಸ್ವಲ್ಪ ಹೊತ್ತಿಗೆ ಎದುರಿಗಿದ್ದವರ ಬೆನ್ನೇ ಕಾಣದಾಯಿತು. ಆ ದಾರಿಗಳಿಗೆ ಚಳಿಗಾಲದಲ್ಲಿ ಹಿಮದೊಳಗೆ ಕೋಲು ನೆಟ್ಟು ಗುರುತು ಮಾಡಿರುತ್ತಾರೆ. ಒಂದು ಕೋಲಿನ ಬಳಿ ನಿಂತರೆ ಮುಂದಿನದು ಕಾಣಬೇಕು. ಅದು ಕಾಣಲಿಲ್ಲ. ನೆಲ ಯಾವುದು, ಆಕಾಶ ಯಾವುದು ಎಂದು ತಿಳಿಯದ ಬಿಳುಪು. ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಅಪಾಯವೂ ಅಲ್ಲಿತ್ತು: ಬೆನ್ನ ಹಿಂದಿನ ಗಾಳಿ ಮುಂದೆ ಹೋಗುವುದನ್ನು ಸುಲಭ ಮಾಡಿ ಮೋಸ ಮಾಡುತ್ತದೆ. ತಿರುಗಿ ನಿಂತಾಗಲೇ ಅದರ ಬಲ ಗೊತ್ತಾಗುವುದು, ಮುಂದೆ ಹೋದಷ್ಟೂ ಹಿಂದಿರುಗುವ ದಾರಿ ಕಷ್ಟವಾಗುತ್ತದೆ. ಅಂಚಿಲ್ಲದ ಸ್ಕೀಯಲ್ಲಿ ಮತ್ತೆ ಮತ್ತೆ ಬೀಳುತ್ತಿದ್ದ ಶಿವಮೊಗ್ಗದ ಗೆಳತಿಯ ಕೆನ್ನೆಯ ಮೇಲೆ ಬಿಳಿ ಮಚ್ಚೆಯೊಂದು ಮೂಡಿದ್ದನ್ನು ನೋಡಿದೆ. ಅದು ಹಿಮಕಡಿತದ ಮೊದಲ ಗುರುತು. ನನ್ನ ಅಂಗೈಯನ್ನು ಅವಳ ಕೆನ್ನೆಗೆ ಒತ್ತಿಹಿಡಿದು, ಇಲ್ಲಿಂದಲೇ ವಾಪಸು ಎಂದೆ. ಹುಡುಗ ನಿಮ್ಮ ಕಚೇರಿಗೆ ಫೋನ್ ಮಾಡಲು ನೋಡಿದ, ಸಿಗ್ನಲ್ ಇರಲಿಲ್ಲ. ಒಬ್ಬರ ಹಿಂದೆ ಒಬ್ಬರು, ಕೈಗೆಟಕುವಷ್ಟು ದೂರದಲ್ಲಿ, ಎದುರುಗಾಳಿಗೆ ತಲೆ ತಗ್ಗಿಸಿ ಫಿನ್ಸೆಗೆ ಮರಳಿದೆವು. ಗೆಳತಿಯ ಕೆನ್ನೆ ವಾಸಿಯಾಗಿದೆ. ವೈದ್ಯರ ಚೀಟಿ ಲಗತ್ತಿಸಿದೆ.

‘ಸ್ನೋಮೊಬೈಲ್ ಬೆಂಬಲ’ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ನಾರ್ವೆಯಲ್ಲಿ 1977ರ ಕಾಯ್ದೆಯೊಂದು ಬೆಟ್ಟಬಯಲಿನಲ್ಲಿ ಅನುಮತಿಯಿಲ್ಲದೆ ಮೋಟಾರು ವಾಹನ ಓಡಿಸುವುದನ್ನೇ ನಿಷೇಧಿಸಿದೆ. ನಿಮಗೆ ಅಂಥ ಅನುಮತಿ ಇದ್ದಿದ್ದರೆ ಅದರ ಪ್ರತಿ ಕೊಡಿ. ಇಲ್ಲದಿದ್ದರೆ ಆ ಸಾಲು ಸುಳ್ಳು, ಮತ್ತು ಅದನ್ನು ನಂಬಿಯೇ ನಮ್ಮಲ್ಲಿ ಇಬ್ಬರ ಮನೆಯವರು ಈ ಪ್ರವಾಸಕ್ಕೆ ಒಪ್ಪಿದ್ದರು.

ಆ ದೇಶದವರು ಬೆಟ್ಟದ ಬಗ್ಗೆ ಪಾಠ ಕಲಿತದ್ದು ಸಾವುಗಳಿಂದ. 1967ರ ಈಸ್ಟರ್‌ನಲ್ಲಿ ಬೆಟ್ಟಗಳಲ್ಲಿ 18 ಮಂದಿ ಸತ್ತರು. ಅದಾದ ಮೇಲೆ ಬೆಟ್ಟದ ನಿಯಮಗಳನ್ನು ಮನೆಮನೆಗೆ ತಲುಪಿಸಿದರು, 2016ರಲ್ಲಿ ಅವನ್ನು ಪರಿಷ್ಕರಿಸಿದರು. ಒಂಬತ್ತು ನಿಯಮಗಳಲ್ಲಿ ಎಂಟನೆಯದು ಶಾಲೆಯ ಮಕ್ಕಳಿಗೂ ಬಾಯಿಪಾಠ: ಹೊತ್ತಿಗೆ ಸರಿಯಾಗಿ ಹಿಂದಿರುಗಿ, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ. ಮುಂದೆ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ 1896ರಲ್ಲಿ ಇದೇ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಯಲ್ಲಿ ಅಣ್ಣನೊಂದಿಗೆ ಹಿಮಗಾಳಿಗೆ ಸಿಕ್ಕಿ ಸಾವಿನ ಅಂಚಿಗೆ ಹೋಗಿ ಬಂದಿದ್ದರು. ಅಂಥವರನ್ನೇ ಬಿಡದ ನೆಲವದು. ಜೀವ ಇದ್ದರೆ ಬೆಲ್ಲ ಬೇಡಿ ತಿನ್ನಬಹುದು ಎಂದು ಆ ರಾತ್ರಿ ಫೋನಿನಲ್ಲಿ ನನ್ನ ಅಮ್ಮ ಹೇಳಿದರು. ಬೆಟ್ಟ ನೋಡದ ಅವರಿಗೂ ಗೊತ್ತಿರುವ ಮಾತು ನಿಮ್ಮ ಷರತ್ತು ಬರೆದವರಿಗೆ ಗೊತ್ತಿಲ್ಲ.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಆ 14ನೇ ಷರತ್ತೇ. ಹಿಂದಿರುಗಿದವರಿಗೆ ದಂಡ, ಮುಂದೆ ಹೋದವರಿಗೆ ಪೂರ್ತಿ ಪ್ರವಾಸ ಎಂದು ಅದು ಹೇಳುತ್ತದೆ. ಮುಂದಿನ ಈಸ್ಟರ್‌ಗೆ ನಿಮ್ಮ ಮೂಲಕ ಹೋಗುವ ಗುಂಪಿನಲ್ಲಿ ಬೆಟ್ಟ ಬಲ್ಲವರು ಒಬ್ಬರೂ ಇಲ್ಲದಿರಬಹುದು. ಕಂತಿನಲ್ಲಿ ಹಣ ಕಟ್ಟಿ ಬಂದ ಯುವಕರಿರಬಹುದು. ಕೋಲು ಕಾಣದ ಜಾಗದಲ್ಲಿ ನಿಂತು ಅವರು ಕಳೆದುಹೋಗುವ ದುಡ್ಡಿನ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಅವರ ತಲೆಯಲ್ಲಿ ಇರಲೇಬಾರದು. ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಮಾರ್ಗದರ್ಶಿಯ ತಲೆಯಲ್ಲಂತೂ ಖಂಡಿತ ಇರಬಾರದು.

ಸಸ್ಯಾಹಾರ ಎಂದು ಹೇಳಿ ಬ್ರೆಡ್ಡು ಮತ್ತು ಸೌತೆಕಾಯಿ ಮಾತ್ರ ಕೊಟ್ಟದ್ದು, ವಾಪಸಿನ ರೈಲಿನಲ್ಲಿ ಸೀಟು ಕಾಯ್ದಿರಿಸದೆ ನಿಂತು ಬರುವಂತಾದದ್ದು ಇವೂ ದೂರುಗಳೇ. ಆದರೆ ಅವುಗಳಿಗೆ ನಾವು ಪರಿಹಾರ ಕೇಳುತ್ತಿಲ್ಲ.

ನಾವು ಕೇಳುವುದು ಇಷ್ಟು. ಕ್ರೆಕ್ಯಾ ಮತ್ತು ಹೌಗಾಸ್ಟೋಲ್‌ನ ವಸತಿ, ಊಟ, ಮಾರ್ಗದರ್ಶನಕ್ಕೆಂದು ಆರೂ ಜನರಿಂದ ಪಡೆದ ಪೂರ್ತಿ ಮೊತ್ತ, ಸ್ಕೀ ಬಾಡಿಗೆ ಮತ್ತು ವಸತಿಗೃಹದಲ್ಲಿ ಹೆಚ್ಚುವರಿ ತಂಗಿದ್ದಕ್ಕೆ ನಾವೇ ಕೊಟ್ಟ ಹಣ ಮರಳಬೇಕು. ಅಲ್ಲಿನ ವಸತಿಗೃಹದವರು ನಿಮ್ಮಿಂದ ರದ್ದತಿ ಶುಲ್ಕ ಹಿಡಿದುಕೊಂಡಿದ್ದಾರೆ ಎಂದಾದರೆ ಅವರ ರಸೀದಿ ತೋರಿಸಿ. ಈವರೆಗೆ ಮೂರು ಸಲ ಕೇಳಿದರೂ ಅದು ಬಂದಿಲ್ಲ. ಹವಾಮಾನದಿಂದಾಗಿ ಹಿಂದಿರುಗುವ ತೀರ್ಮಾನ ಮಾರ್ಗದರ್ಶಿಯದೋ ಪ್ರವಾಸಿಗರದೋ ಆದಾಗ ಅದನ್ನು ರದ್ದತಿ ಎಂದು ಪರಿಗಣಿಸುವುದಿಲ್ಲವೆಂದು ಷರತ್ತುಗಳಲ್ಲಿ ಬರೆದು, ತಿದ್ದಿದ ಪ್ರತಿ ನಮಗೆ ಕಳಿಸಿ. ಕರಪತ್ರದಿಂದ ಸ್ನೋಮೊಬೈಲ್ ಸಾಲನ್ನು ತೆಗೆಯಿರಿ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಇದು ಸೇವಾ ನ್ಯೂನತೆ, ಕರಪತ್ರದ ಮಟ್ಟಿಗೆ ದಾರಿ ತಪ್ಪಿಸುವ ಜಾಹೀರಾತು ಎಂಬುದು ನಮ್ಮ ನಿಲುವು. ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸಲು ಆ ಕಾಯ್ದೆ ಅವಕಾಶ ಕೊಟ್ಟಿದೆ, ಅದಕ್ಕೆ ಎರಡು ವರ್ಷಗಳ ಕಾಲಾವಧಿಯೂ ಇದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ, ನಂತರ ಬೆಂಗಳೂರಿನ ಆಯೋಗದಲ್ಲಿ ದೂರು ಸಲ್ಲಿಸುತ್ತೇವೆ. ಉತ್ತರವನ್ನು ಫೋನಿನಲ್ಲಿ ಕೊಡಬೇಡಿ. ಷರತ್ತು ಬದಲಿಸುವ ಅಧಿಕಾರ ಇರುವವರ ಸಹಿಯೊಂದಿಗೆ ಕಾಗದದಲ್ಲಿ ಕಳಿಸಿ.

ಇಂತಿ,
ಆರೂ ಮಂದಿ ಪ್ರವಾಸಿಗರ ಪರವಾಗಿ,
ಬುಕಿಂಗ್ ಮಾಡಿದವಳು
ಬೆಂಗಳೂರು

ಲಗತ್ತು: ಅರ್ಜಿಯ ಪ್ರತಿ, ಕರಪತ್ರ, ಪಾವತಿ ರಸೀದಿಗಳು, ವಾಟ್ಸ್‌ಆ್ಯಪ್ ಸಂದೇಶಗಳು, ಸ್ಕೀ ಮತ್ತು ಬೂಟುಗಳ ಫೋಟೋಗಳು, ವೈದ್ಯರ ಚೀಟಿ